ಕಣ್ಣಿಗೆ ಮಣ್ಣೆರಚೋ ಎಫೆಕ್ಟುಗಳು

ಹೋದ ಭಾನುವಾರ ಊರಿಗೆ, ಅಂದ್ರೆ ಮುಳಬಾಗಿಲಿಗೆ ಹೋಗಿದ್ದೆ. ತಮ್ಮ ಹಳೇ ಲ್ಯಾಪ್‌ಟಾಪಲ್ಲಿ ಗೇಮ್ ಆಡ್ತಾ ಹತ್ತೇ ನಿಮಿಷಕ್ಕೆ ತಲೆ ಹಿಡ್ಕೊಂಡು ಕೂತ. "ಅಣ್ಣಾ, ತಲೆ ಸುತ್ತುತ್ತೆ." ಸೆಟ್ಟಿಂಗ್ಸಿಗೆ ಹೋಗಿ ಮೋಷನ್ ಬ್ಲರ್, ಕ್ರೊಮ್ಯಾಟಿಕ್ ಅಬರೇಷನ್, ಫಿಲ್ಮ್ ಗ್ರೇನ್ ಮೂರನ್ನೂ ಆಫ್ ಮಾಡಿದೆ. ತಲೆಸುತ್ತು ನಿಂತಿತು, ಆಟವೂ ಸ್ವಲ್ಪ ಸಲೀಸಾಯ್ತು.

ಅಲ್ಲಾ ಸ್ವಾಮಿ, ಅಂಚಲ್ಲಿ ಬಣ್ಣ ಒಡೆಯೋದು ಲೆನ್ಸಿನ ದೋಷ. ಕ್ಯಾಮೆರಾದವರು ದುಡ್ಡು ಸುರಿದು ಅದನ್ನ ಕಮ್ಮಿ ಮಾಡಿದ್ರೆ, ಗೇಮಿನವರು ಗ್ರಾಫಿಕ್ಸ್ ಕಾರ್ಡಿಗೆ ಬೆವರಿಳಿಸಿ ಅದನ್ನೇ ವಾಪಸ್ ತರ್ತಾರೆ!

ಕೇಳಿದ್ರೆ "ಸಿನಿಮಾ ಥರ ಕಾಣುತ್ತೆ" ಅಂತಾರೆ. ನಮ್ಮ ಜಿಲ್ಲೆಯದೇ 'ಕೆಜಿಎಫ್' (2018) ತಗೊಳ್ಳಿ. ಆ ಕಪ್ಪು-ಕಂದು ಬಣ್ಣ ಕಥೆಗೆ ಒಪ್ಪುತ್ತೆ. ಆದ್ರೆ ಅಲ್ಲಿ ಏನನ್ನ ನೋಡಬೇಕು ಅಂತ ತೋರಿಸೋನು ನಿರ್ದೇಶಕ. ಗೇಮಲ್ಲಿ ಹುಡುಕೋನು ಆಟಗಾರ. ಅವನ ಕಣ್ಣಿಗೇ ಮಣ್ಣೆರಚಿದ್ರೆ ಹೇಗೆ?

ಎಫೆಕ್ಟೇ ಬೇಡ ಅಂತಲ್ಲ. 2018ರಲ್ಲೇ ಬಂದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಇಡೀ ದೃಶ್ಯವನ್ನ ಎರಡೇ ಬಣ್ಣದ ಚುಕ್ಕಿಗಳಾಗಿ ಮಾಡುತ್ತೆ. ಅದಿಲ್ಲದೆ ಆ ಗೇಮೇ ಇಲ್ಲ. ಅಂಥಾ ಕಾರಣ ಇದ್ರೆ ಧಾರಾಳವಾಗಿ ಹಾಕಿ. ಇಲ್ಲಾಂದ್ರೆ ಪ್ರತಿಯೊಂದಕ್ಕೂ ಒಂದು ಸ್ವಿಚ್ ಕೊಡಿ, ಅದನ್ನ ಆಫ್ ಮಾಡಿಯೇ ಕಳಿಸಿ. ಬೇಕಾದವರು ಹಾಕ್ಕೋತಾರೆ.

ಏನಂತೀರಿ? :-)