ಆಲ್ಬಮ್ಮಿನಲ್ಲಿ ನಿಂತ ವಿಮಾನ

ದೀಪಾವಳಿಗೆ ಮನೆ ತೊಳೆಯುವ ದಿನ ಅಟ್ಟದ ಮೇಲಿನ ಟ್ರಂಕು ಕೆಳಗೆ ಇಳಿಯುತ್ತದೆ. ಟ್ರಂಕಿನಲ್ಲಿ ಜರತಾರಿ ಸೀರೆ, ಸೀರೆಯ ಕೆಳಗೆ ಜಾತಕಗಳ ಕಟ್ಟು, ಅದರ ಕೆಳಗೆ ಕಪ್ಪು ಹಾಳೆಯ ಆಲ್ಬಮ್ಮು. ಆಮೇಲೆ ಕೆಲಸ ಸಾಗುವುದುಂಟೇ? ಪೊರಕೆ ಮೂಲೆ ಸೇರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂಡುತ್ತಾರೆ. ಮದುವೆ, ಮುಂಜಿವೆ, ತೊಟ್ಟಿಲುಗಳ ಚಿತ್ರಗಳ ನಡುವೆ, ಹೈದರಾಬಾದಿನ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೊಂದು ಬಗೆಯ ಚಿತ್ರವೂ ಸಿಗುತ್ತದೆ: ಬೇಗಂಪೇಟೆಯ ಬಯಲು, ಕೊರಳಲ್ಲಿ ಹೂಮಾಲೆ ಹಾಕಿಕೊಂಡ ಒಬ್ಬರು, ಅವರ ಎರಡೂ ಕಡೆ ಕಳಿಸಲು ಬಂದ ಬಳಗ, ಹಿಂದೆ ದೂರದಲ್ಲಿ ಒಂದು ವಿಮಾನ.

ಇಂಥ ಚಿತ್ರಗಳನ್ನೂ ಅವುಗಳ ನೆನಪುಗಳನ್ನೂ ನಾವು ಒಬ್ಬರಿಗೊಬ್ಬರು ಹಂಚಿಕೊಳ್ಳಬೇಕೆಂಬುದೇ ಈ ಸಲದ ಮಾತು. ವಿಮಾನ ಹತ್ತುವುದು ಇಂದು ಬಸ್ಸು ಹತ್ತಿದಷ್ಟೇ ಸಾಮಾನ್ಯವಾಗಿದೆ. ಆದರೆ ಒಬ್ಬರು ಹೊರಟರೆ ಹದಿನೈದು ಜನ ಕಳಿಸಲು ಬರುತ್ತಿದ್ದ ಕಾಲವೊಂದಿತ್ತು. ಆ ಕಾಲವನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಚಿತ್ರ ಉಳಿಯುತ್ತದೆ, ಅದರಲ್ಲಿರುವವರ ಹೆಸರು ಹೇಳಬಲ್ಲವರು ಉಳಿಯುವುದಿಲ್ಲ.

ಬರೆದ ಹೆಸರಿನ ಬೆಲೆ ಏನೆಂಬುದಕ್ಕೆ ನಮ್ಮೂರಿನದೇ ಹೆಸರು ಹೊತ್ತ ಒಂದು ವಿಮಾನದ ಕಥೆಯುಂಟು. ಮೊದಲನೆಯ ಮಹಾಯುದ್ಧದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ವಾಯುಪಡೆಗೆ ಒಂದು ದಳದಷ್ಟು ವಿಮಾನಗಳ ವೆಚ್ಚವನ್ನು ಕೊಟ್ಟರು. ಆ 110ನೆಯ ದಳಕ್ಕೆ ‘ಹೈದರಾಬಾದ್ ದಳ’ ಎಂಬ ಹೆಸರೇ ಬಂತು. ಅದರ ಡಿ.ಎಚ್.9ಎ ವಿಮಾನಗಳ ಮೈಮೇಲೆ ‘ಹೈದರಾಬಾದಿನ ನಿಜಾಮರ ಕೊಡುಗೆ’ ಎಂಬ ಬರಹವಿತ್ತು. ಅವುಗಳಲ್ಲೊಂದು 1918ರ ಅಕ್ಟೋಬರಿನಲ್ಲಿ ಶತ್ರುಗಳ ನೆಲದಲ್ಲಿ ಇಳಿದು ಸೆರೆ ಸಿಕ್ಕಿತು. ಅಲ್ಲಿಂದ ಬರ್ಲಿನ್ನಿನ ಸಂಗ್ರಹಾಲಯ, ಎರಡನೆಯ ಯುದ್ಧದ ತರುವಾಯ ಪೋಲೆಂಡ್, ಕೊನೆಗೆ 1977ರಲ್ಲಿ ಮತ್ತೆ ಇಂಗ್ಲೆಂಡು. ಇಂದು ಅದು ಲಂಡನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿ ನಿಂತಿದೆ. ಅಷ್ಟು ದೇಶ ಸುತ್ತಿದರೂ ಅದು ಯಾವುದೆಂಬ ಗುರುತು ಕಳೆಯಲಿಲ್ಲ. ಅದರ ಸಂಖ್ಯೆಯೂ ಹೆಸರೂ ದಾಖಲೆಯಲ್ಲಿ ಬರೆದಿದ್ದವು. ನಮ್ಮ ಟ್ರಂಕಿನ ಚಿತ್ರಗಳಿಗೆ ಅಷ್ಟು ಭಾಗ್ಯವೂ ಇಲ್ಲ.

ನಮ್ಮ ಸೀಮೆಗೆ ವಿಮಾನ ಬಂದ ಬಗೆಯನ್ನು ಸ್ವಲ್ಪ ನೆನೆಯೋಣ. 1932ರ ಅಕ್ಟೋಬರ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ಹೊತ್ತು ತಂದರು. ಅಲ್ಲಿಂದ ಅದೇ ಟಪಾಲನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದರು. ನಡುವೆ ವಿಮಾನ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ! ಮುಂದೆ ಆ ದಾರಿಯಲ್ಲಿ ಬಳ್ಳಾರಿಯ ಬದಲು ಹೈದರಾಬಾದು ಬಂತು. ನಿಜಾಮರ ಸರಕಾರವೂ ಟಾಟಾ ಅವರೂ ಕೂಡಿ 1945ರಲ್ಲಿ ಕಟ್ಟಿದ ‘ಡೆಕ್ಕನ್ ಏರ್‌ವೇಸ್’ ಕಂಪೆನಿ 1946ರಲ್ಲಿ ಬೇಗಂಪೇಟೆಯಿಂದ ಹಾರಾಟ ಆರಂಭಿಸಿತು. ಬೆಂಗಳೂರು, ಮದರಾಸು, ನಾಗಪುರ, ದಿಲ್ಲಿಗಳಿಗೆ ಅದರ ಡಕೋಟಾಗಳು ಹೋಗಿ ಬರುತ್ತಿದ್ದವು. ಬೇರೆ ಕಂಪೆನಿಗಳು ಹೆಂಗಸಿಗೆ ವಿಮಾನ ಒಪ್ಪಿಸಲು ಹಿಂಜರಿದಾಗ ಪ್ರೇಮ್ ಮಾಥುರ್ ಅವರನ್ನು ಪೈಲಟ್ ಕೆಲಸಕ್ಕೆ ತೆಗೆದುಕೊಂಡದ್ದೂ ಈ ಕಂಪೆನಿಯೇ. 1953ರ ಆಗಸ್ಟ್ 1ರಂದು ಅದು ಮಿಕ್ಕ ಕಂಪೆನಿಗಳೊಡನೆ ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋಯಿತು. ಅದು ಹಾರಿದ್ದು ಕೇವಲ ಏಳು ವರ್ಷ. ಅಷ್ಟು ಅಲ್ಪಾಯುವಾದ ಕಂಪೆನಿಯ ನೆನಪು ಕಚೇರಿಯ ಕಡತಗಳಿಗಿಂತ ಮನೆಯ ಟ್ರಂಕುಗಳಲ್ಲೇ ಸಿಕ್ಕೀತು.

ಇನ್ನು ಚಿತ್ರವನ್ನು ಓದುವ ಬಗೆ. ಕನ್ನಡಕ ಹಾಕಿಕೊಂಡು, ಕೈಯಲ್ಲೊಂದು ಭೂತಗನ್ನಡಿ ಹಿಡಿದು ಕುಳಿತರೆ, ಹಿಂದೆ ನಿಂತ ವಿಮಾನವೇ ಚಿತ್ರದ ಕಾಲವನ್ನು ಹೇಳುತ್ತದೆ.

ಬಾಲ ನೆಲಕ್ಕೆ ಊರಿ, ಮೂಗು ಮೇಲೆತ್ತಿ, ಎರಡು ಇಂಜಿನ್ನಿನೊಡನೆ ನಿಂತಿದ್ದರೆ ಅದು ಡಕೋಟಾ. ಅದರೊಳಗೆ ಹಿಂದಿನ ಬಾಗಿಲಿನಿಂದ ಹತ್ತಿ, ದಿಬ್ಬ ಏರಿದಂತೆ ಮುಂದಕ್ಕೆ ನಡೆದು ಕೂಡಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಸೈನ್ಯದ ಡಕೋಟಾಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ಅವನ್ನು ಪ್ರಯಾಣಿಕರಿಗೆ ತಕ್ಕಂತೆ ಸಜ್ಜುಮಾಡುವ ಕೆಲಸ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿಯೂ ನಡೆಯಿತು. ಆದರೆ ಡಕೋಟಾ ಕಂಡ ಮಾತ್ರಕ್ಕೆ 1953ಕ್ಕೆ ಹಿಂದಿನದೆಂದು ತೀರ್ಮಾನಿಸಬೇಡಿ. ಇಂಡಿಯನ್ ಏರ್‌ಲೈನ್ಸ್ ಅವನ್ನು ಬಹಳ ವರ್ಷ ಹಾರಿಸಿತು. ಮೈಮೇಲೆ ಬರೆದ ಕಂಪೆನಿಯ ಹೆಸರನ್ನು ನೋಡಬೇಕು.

ನಾಲ್ಕು ಇಂಜಿನ್ನು, ದೊಡ್ಡ ಮೊಟ್ಟೆಯಾಕಾರದ ಕಿಟಕಿಗಳು, ನೆಲಕ್ಕೆ ಸಮನಾಗಿ ನಿಂತ ಮೈ ಇದ್ದರೆ ಅದು ವೈಕೌಂಟ್. 1957ಕ್ಕೆ ಮುಂಚೆ ಇಂಡಿಯನ್ ಏರ್‌ಲೈನ್ಸಿನಲ್ಲಿ ಅದು ಇರಲಿಲ್ಲ. ರೆಕ್ಕೆ ಬೆನ್ನಿನ ಮೇಲಿದ್ದು ಕಿಟಕಿಗಳು ಅದರ ಕೆಳಗೆ ಬಂದಿದ್ದರೆ ಫಾಕರ್ ಫ್ರೆಂಡ್‌ಶಿಪ್. ಅದು 1961ರ ಈಚಿನದು. ಇಂಜಿನ್ನುಗಳೆರಡೂ ಬಾಲದ ಬಳಿ ಇದ್ದರೆ ಕ್ಯಾರವೆಲ್ ಜೆಟ್ಟು. ಅದು 1964ರ ಸುಮಾರಿಗೆ ಬಂದದ್ದು. ವಿಮಾನದ ಮೈಮೇಲೆ ‘ವಿಟಿ’ ಎಂದು ಆರಂಭವಾಗುವ ಐದು ಅಕ್ಷರಗಳು ಕಂಡರಂತೂ ತಪ್ಪದೆ ಬರೆದಿಟ್ಟುಕೊಳ್ಳಿ. ಅದು ಆ ವಿಮಾನದ ನೋಂದಣಿ ಗುರುತು; ಅದರಿಂದ ಅದರ ಜಾತಕವನ್ನೇ ಹುಡುಕಿ ತೆಗೆಯಬಹುದು.

ವಿಮಾನ ಅಷ್ಟು ದೂರದಲ್ಲಿ ಯಾಕೆ ಎಂದು ಮಕ್ಕಳು ಕೇಳಿಯಾರು. ಅದಕ್ಕೂ ಕಾರಣವುಂಟು. ಬ್ರಿಟಿಷರ ಕಾಲದ 1937ರ ವಿಮಾನ ನಿಯಮಗಳಂತೆ, ಸರಕಾರಿ ವಿಮಾನನಿಲ್ದಾಣದೊಳಗೆ ಲಿಖಿತ ಅಪ್ಪಣೆಯಿಲ್ಲದೆ ಫೋಟೋ ತೆಗೆಯುವಂತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅದೇ ನಿಯಮ ನಡೆಯಿತು. ಹಾಗಾಗಿ ಬೇಲಿಯ ಈಚೆ ಬಳಗ, ಆಚೆ ವಿಮಾನ! ಹನ್ನೆರಡೇ ಚಿತ್ರ ಹಿಡಿಯುವ ಫಿಲ್ಮಿನಲ್ಲಿ ಒಂದನ್ನು ಇದಕ್ಕಾಗಿ ಖರ್ಚು ಮಾಡಿದರೆಂದರೆ ಆ ದಿನ ಎಷ್ಟು ದೊಡ್ಡದಾಗಿತ್ತೆಂದು ನೀವೇ ಎಣಿಸಿ.

ಚಿತ್ರದ ಸಾಕ್ಷಿಗೂ ಮನುಷ್ಯರ ನೆನಪಿಗೂ ಜಗಳ ಹತ್ತುವುದುಂಟು. ಕಾಚಿಗುಡಾದ ಒಂದು ಮನೆಯಲ್ಲಿ ಕೆಲವು ವರ್ಷಗಳ ಕೆಳಗೆ ನಡೆದ ಮಾತು ಹೀಗಿತ್ತು.

“ಇದು ಡೆಕ್ಕನ್ ಏರ್‌ವೇಸ್ ವಿಮಾನ ಅದ ನೋಡು. ನಾ ಮೊದಲನೇ ಸಲ ದಿಲ್ಲಿಗೆ ಹೋದಾಗ ತೆಗೆದದ್ದು,” ಎಂದರು ಅಜ್ಜ.

“ಅಜ್ಜಾ, ಇದಕ್ಕ ನಾಲ್ಕು ಇಂಜಿನ್ ಅವ ನೋಡ್ರಿ. ಡೆಕ್ಕನ್ ಏರ್‌ವೇಸದ್ದು ಡಕೋಟಾ, ಎರಡೇ ಇಂಜಿನ್. ಇದು ಐವತ್ತೇಳರ ಈಚೀದು,” ಎಂದ ಮೊಮ್ಮಗ.

“ಹಂಗಾದರ ನಾ ಸುಳ್ಳು ಹೇಳ್ತೀನೇನು?” ಅಜ್ಜನ ಮುಖ ಸಣ್ಣದಾಯಿತು.

ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಅಲ್ಲಿಂದಲೇ ಹೇಳಿದರು: “ದಿಲ್ಲಿಗೆ ಅವರು ಎರಡು ಸಲ ಹೋಗ್ಯಾರ. ಮೊದಲನೇ ಸಲ ಫೋಟೋ ಯಾರು ತೆಗೀಬೇಕು? ನಮ್ಮ ತಮ್ಮಗ ನೌಕರಿ ಆದ ಮ್ಯಾಲೇ ಮನಿಗೆ ಕ್ಯಾಮೆರಾ ಬಂದದ್ದು. ಇದು ಎರಡನೇ ಸಲದ್ದು. ನನ್ನ ಕೈಯಾಗಿರೋ ಕೂಸಿನ್ನ ನೋಡ್ರಿ.”

ಅಲ್ಲಿಗೆ ಜಗಳ ತೀರಿತು. ಅಜ್ಜ ಡೆಕ್ಕನ್ ಏರ್‌ವೇಸಿನಲ್ಲಿ ಹೋದದ್ದೂ ನಿಜ, ಚಿತ್ರ ವೈಕೌಂಟಿನದೆಂಬುದೂ ನಿಜ. ಎರಡು ಪ್ರಯಾಣಗಳು ನೆನಪಿನಲ್ಲಿ ಒಂದಾಗಿದ್ದವು, ಅಷ್ಟೇ. ಆದರೆ ಅಂದಿನವರೆಗೆ ಆ ಚಿತ್ರದ ವಿಷಯ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಪ್ರಯಾಣ ಮಾಡಿದವರನ್ನು ಕೇಳುತ್ತೇವೆ. ಬೇಲಿಯ ಈಚೆ ಕೂಸು ಎತ್ತಿಕೊಂಡು ನಿಂತವರನ್ನು ಕೇಳುವುದಿಲ್ಲ. ಆ ಅಜ್ಜಿ ಈಗಿಲ್ಲ. ಅವರು ಹೇಳಿದ ಮಾತನ್ನು ಮೊಮ್ಮಗ ಅಂದೇ ಚಿತ್ರದ ಹಿಂಬದಿಗೆ ಬರೆದಿಟ್ಟದ್ದರಿಂದ ಉಳಿಯಿತು.

ವಿಮಾನದ ನೆನಪೆಲ್ಲ ಹೂಮಾಲೆಯ ನೆನಪೇ ಅಲ್ಲವೆಂಬುದನ್ನೂ ಮರೆಯಬಾರದು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಗುಟ್ಟಾಗಿ ಹೈದರಾಬಾದು ಸಂಸ್ಥಾನಕ್ಕೆ ಆಯುಧ ಸಾಗಿಸಿದ. ವಿಮಾನದಿಂದ ಶತ್ರುವಿನ ನೆಲದ ಫೋಟೋ ತೆಗೆಯುವ ವಿದ್ಯೆಯಲ್ಲಿ ಮೊದಲಿಗರಲ್ಲೊಬ್ಬನೆಂದು ಹೆಸರಾದವನೂ ಅವನೇ! ಅದೇ ವರ್ಷದ ಸೆಪ್ಟೆಂಬರ 13ರಿಂದ 17ರವರೆಗೆ ನಡೆದ ಪೋಲೀಸ್ ಕಾರ್ಯಾಚರಣೆಯಲ್ಲಿ ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಈ ಆಕಾಶದಲ್ಲಿ ಹಾರಿದವು. ಬೀದರ, ಕಲಬುರ್ಗಿ, ರಾಯಚೂರು ಕಡೆಯ ಹಿರಿಯರಿಗೆ ವಿಮಾನವೆಂದರೆ ಮೊದಲು ಕಿವಿಗೆ ಬರುವುದು ಆ ದಿನಗಳ ಸದ್ದು. ಆ ಸದ್ದು ಕೆಲವರಿಗೆ ಬಿಡುಗಡೆ, ಕೆಲವರಿಗೆ ದಿಗಿಲು, ಕೆಲವರಿಗೆ ಎರಡೂ. ಅದರ ಫೋಟೋ ಯಾರ ಮನೆಯಲ್ಲಿಯೂ ಇರಲಿಕ್ಕಿಲ್ಲ. ಹಾಗೆಂದು ಆ ನೆನಪನ್ನು ಬಿಟ್ಟುಬಿಡಬೇಕೇ? ಚಿತ್ರವಿಲ್ಲದ ನೆನಪನ್ನೂ ಬರೆದಿಡಿ.

ಮುಂದೆ ಅದೇ ಬೀದರಿನಲ್ಲಿ 1963ರಿಂದ ವಾಯುಪಡೆಯ ತರುಣರಿಗೆ ಹಾರಾಟ ಕಲಿಸುವ ಶಾಲೆ ನಡೆಯಿತು. ಡಾ. ವಿ.ಎಂ. ಘಾಟಗೆಯವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಎಚ್.ಟಿ.-2 ವಿಮಾನ ಅಲ್ಲಿ ಪಾಠದ ಹಲಗೆಯಾಯಿತು. 1996ರಲ್ಲಿ ‘ಸೂರ್ಯಕಿರಣ’ ತಂಡ ಹುಟ್ಟಿದ್ದೂ ಬೀದರಿನಲ್ಲೇ. ಹದಿನೈದು ವರ್ಷದ ಅಂತರದಲ್ಲಿ ಒಂದೇ ಊರಿನ ಆಕಾಶ ಹೇಗೆ ಬದಲಾಯಿತು ನೋಡಿ! ಅಮ್ಮ ಸದ್ದಿಗೆ ಒಳಗೆ ಓಡಿದಳು. ಮಗ ಅದೇ ಸದ್ದಿಗೆ ಮಾಳಿಗೆ ಹತ್ತಿದ.

ಈಗ ಮಾಡಬೇಕಾದ ಕೆಲಸವಿಷ್ಟು. ಚಿತ್ರವನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳ ಗುರುತು ಬೀಳದಿರಲಿ. ಹರಿದಿದ್ದರೆ ಅಂಟುಪಟ್ಟಿ ಹಚ್ಚಬೇಡಿ. ಅದರ ಅಂಟು ಕಾಲಾಂತರದಲ್ಲಿ ಹಳದಿ ಕಲೆಯಾಗುತ್ತದೆ. ಅಂಟು ಹಾಳೆಯ ಆಲ್ಬಮ್ಮಿಗಿಂತ ಲಕೋಟೆ ಲೇಸು. ಹಿಂಬದಿಗೆ ಬರೆಯಲು ಮೆತ್ತನೆಯ ಸೀಸದಕಡ್ಡಿ ಬಳಸಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ. ನೆಗೆಟಿವ್ ಇದ್ದರೆ ಕಸವೆಂದು ಎಸೆಯಬೇಡಿ. ಮೂಲ ಚಿತ್ರ ಅದೇ. ಫೋನಿನಲ್ಲಿ ನಕಲು ತೆಗೆಯುವಾಗ ಮುಂಬದಿಯಷ್ಟೇ ಅಲ್ಲ, ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋದ ಮುದ್ರೆ, ತಾರೀಖು, ಯಾರದೋ ಕೈಬರಹ ಇರುವುದು ಅಲ್ಲಿಯೇ.

ಹಿರಿಯರ ಬಳಿ ಕುಳಿತು ಈ ಪ್ರಶ್ನೆಗಳನ್ನು ಕೇಳಿ. ಯಾರು ಯಾರು ಇದ್ದಾರೆ? ಎಲ್ಲಿ, ಯಾವಾಗ? ಯಾಕೆ ಹೊರಟಿದ್ದರು? ಟಿಕೆಟ್ಟಿಗೆ ಹಣ ಎಲ್ಲಿಂದ ಬಂತು? ಚಿತ್ರ ತೆಗೆದವರು ಯಾರು? ಕಡೆಗೆ ಇನ್ನೂ ಒಂದು: ಅಲ್ಲಿದ್ದೂ ಚಿತ್ರದಲ್ಲಿ ಬಾರದವರು ಯಾರು? ಅವರ ನೆನಪಿಗೂ ವಿಮಾನದ ಗುರುತಿಗೂ ತಾಳೆ ಬೀಳದಿದ್ದರೆ ವಾದಕ್ಕೆ ಇಳಿಯಬೇಡಿ. “ಅಜ್ಜ ಹೀಗೆ ಹೇಳುತ್ತಾರೆ, ಚಿತ್ರ ಹೀಗೆ ತೋರಿಸುತ್ತದೆ” ಎಂದು ಎರಡನ್ನೂ ಬರೆದಿಡಿ.

2008ರ ಮಾರ್ಚಿನಲ್ಲಿ ಶಂಷಾಬಾದಿನ ಹೊಸ ನಿಲ್ದಾಣ ತೆರೆದಾಗ ಬೇಗಂಪೇಟೆಯಿಂದ ಪ್ರಯಾಣಿಕರ ನಿತ್ಯದ ವಿಮಾನಗಳು ನಿಂತುಹೋದವು. ಅಲ್ಲಿ ಬೇಲಿಯ ಬಳಿ ನಿಂತು ಕೈಬೀಸಿದವರು ಇನ್ನೂ ಕೆಲವರು ನಮ್ಮ ಮನೆಗಳಲ್ಲಿದ್ದಾರೆ. ವಾಚಕರು ತಮ್ಮ ಚಿತ್ರಗಳ ನಕಲನ್ನು, ಹಿಂಬದಿಯ ಬರಹದೊಡನೆ, ನಮಗೆ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ. ಮೂಲ ಚಿತ್ರ ನಿಮ್ಮ ಮನೆಯಲ್ಲೇ ಇರಲಿ. ಕಳಿಸಲು ತಡವಾದರೂ ಚಿಂತೆಯಿಲ್ಲ. ಕೇಳಿ ಬರೆದುಕೊಳ್ಳುವುದನ್ನು ಮಾತ್ರ ಈ ಭಾನುವಾರವೇ ಮಾಡಿ.