ಬ್ಯಾಂಕುಗಳಲ್ಲಿ ಗಿರಾಕಿಯ ಮರ್ಯಾದೆ

ಬ್ಯಾಂಕೊಂದರ ಯೋಗ್ಯತೆಯನ್ನು ಷೇರುದಾರರು ಅದರ ವಾರ್ಷಿಕ ಲೆಕ್ಕಪತ್ರದಿಂದ ಅಳೆಯುವರು. ಜನಸಾಮಾನ್ಯರಾದರೋ ಕೌಂಟರಿನಲ್ಲಿ ಕುಳಿತ ಗುಮಾಸ್ತರ ಮಾತಿನಿಂದ ಅಳೆಯುವರು. ಬಡ್ಡಿಯ ದರವು ಎಲ್ಲೆಡೆಯಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಠೇವಣಿದಾರನು ಒಂದು ಬ್ಯಾಂಕನ್ನು ಮೆಚ್ಚಿ ಮತ್ತೊಂದನ್ನು ಬಿಡುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಇದನ್ನು ಕನ್ನಡ ನಾಡಿಗೆ ಯಾರೂ ಹೊಸದಾಗಿ ಬೋಧಿಸಬೇಕಾದುದಿಲ್ಲ. 1925ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರೂ ಅವರ ಸಂಗಡಿಗರೂ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಏಜೆಂಟನು ಗಿರಾಕಿಯ ಬಾಗಿಲಿಗೇ ಹೋಗಿ ಪಡೆದು ಬರುತ್ತಿದ್ದನು. ಬ್ಯಾಂಕೆಂದರೆ ಸಾಹುಕಾರರ ಸ್ಥಳವೆಂದು ಹಿಂಜರಿಯುತ್ತಿದ್ದ ಬಡವರು ಬ್ಯಾಂಕನ್ನು ಕಾಣುವುದಕ್ಕೆ ಮೊದಲು ಬ್ಯಾಂಕಿನ ಮನುಷ್ಯನನ್ನು ಕಂಡರು. ನಂಬಿಕೆಯು ಮೊದಲು ಹುಟ್ಟಿದ್ದು ಅವನಲ್ಲಿ, ಸಂಸ್ಥೆಯಲ್ಲಿ ಆಮೇಲೆ. ಹೀಗೆ ಬಾಗಿಲಿಗೆ ಹೋಗುವ ಕೆಲಸವನ್ನು 70 ವರ್ಷ ಮೀರಿದ ವೃದ್ಧರಿಗಾದರೂ ಮಾಡಿರೆಂದು ರಿಸರ್ವ್ ಬ್ಯಾಂಕಿನವರು 2017ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಬೇಕಾಯಿತು. ಈ 89 ವರ್ಷಗಳಲ್ಲಿ ನಾವು ಮುಂದೆ ಹೋದೆವೋ ಹಿಂದೆ ಬಂದೆವೋ, ವಾಚಕ ಮಹಾಶಯರೇ ತೀರ್ಮಾನಿಸಲಿ.

ಈ ನಡುವೆ ನಮ್ಮ ನಾಡಿನ ಬ್ಯಾಂಕುಗಳ ಹೆಸರುಗಳೇ ಒಂದೊಂದಾಗಿ ಅಳಿದವು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿಯೂ ಲೀನವಾದವು. ಬಂಡವಾಳದ ದೃಷ್ಟಿಯಿಂದ ಇದು ಯುಕ್ತವೋ ಅಯುಕ್ತವೋ, ಅದು ಬೇರೆ ಚರ್ಚೆ.

ಎಲ್ಲವೂ ಮೊಬೈಲಿನಲ್ಲಿ ನಡೆಯುತ್ತಿರುವಾಗ ಕೌಂಟರಿನ ಚಿಂತೆ ಏಕೆಂದು ಕೆಲವರು ಕೇಳುವರು. ನಮ್ಮ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾದುದು. ಸುಲಭದ ಕೆಲಸಗಳೆಲ್ಲ ಯಂತ್ರಕ್ಕೆ ಹೋದ ಮೇಲೆ ಕೌಂಟರಿಗೆ ಬರುವವರು ಯಾರು? ಗಂಡನನ್ನು ಕಳೆದುಕೊಂಡು ಅವನ ಖಾತೆಯ ಹಣಕ್ಕಾಗಿ ಕಾಗದ ಹಿಡಿದು ನಿಂತ ಹೆಂಗಸು, ನವೆಂಬರಿನಲ್ಲಿ ತಾನು ಬದುಕಿರುವುದಾಗಿ ರುಜುವಾತು ಕೊಡಲು ಬಂದ ಪಿಂಚಣಿದಾರ, ಮೋಸಗಾರರ ಕೈಗೆ ಸಿಕ್ಕಿ ಉಳಿತಾಯವನ್ನೆಲ್ಲ ಕಳೆದುಕೊಂಡವನು. ಇಂಥವರಿಗೆ "ನಾಳೆ ಬನ್ನಿ" ಎಂಬ ಎರಡು ಮಾತುಗಳು ಮಾಡುವ ಗಾಯವನ್ನು ಯಾವ ಬಡ್ಡಿಯೂ ಮಾಯಿಸಲಾರದು. ಆ ಮಾತೂ ಅವರಿಗೆ ತಿಳಿಯದ ಭಾಷೆಯಲ್ಲಿ ಬಂದರಂತೂ ಹೇಳತಕ್ಕದ್ದೇನು? 2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಬಳಿಯ ಚಂದಾಪುರದ ಶಾಖೆಯೊಂದರಲ್ಲಿ ಭಾಷೆಯ ವಿಷಯವಾಗಿ ಎದ್ದ ಜಗಳವು ಮುಖ್ಯಮಂತ್ರಿಗಳವರೆಗೆ ಹೋಗಿ ಅಧಿಕಾರಿಯ ವರ್ಗಾವಣೆಯಲ್ಲಿ ಮುಗಿಯಿತು. ಒಬ್ಬರನ್ನು ವರ್ಗ ಮಾಡುವುದು ಸುಲಭ.

ಆದಾಗ್ಯೂ ನೌಕರರ ಮೇಲೆಯೇ ದೋಷವನ್ನೆಲ್ಲ ಹೊರಿಸಲು ನಾವು ಸಿದ್ಧರಿಲ್ಲ. ವಿಮೆ ಮಾರಿರಿ, ಸಾಲ ಹಂಚಿರಿ ಎಂದು ಮೇಲಿನಿಂದ ಅವರಿಗೆ ಗುರಿಗಳು ಬರುತ್ತವೆ. ಮುದುಕಿಯೊಬ್ಬಳಿಗೆ ಅರ್ಜಿ ತುಂಬಿಕೊಟ್ಟ ಹತ್ತು ನಿಮಿಷಗಳು ಯಾವ ಲೆಕ್ಕದಲ್ಲಿಯೂ ಜಮೆಯಾಗುವುದಿಲ್ಲ. ಲೆಕ್ಕಕ್ಕೆ ಬಾರದ ಕೆಲಸವನ್ನು ಎಷ್ಟು ದಿನ ಸಜ್ಜನಿಕೆಯ ಬಲದಿಂದಲೇ ಮಾಡಬಲ್ಲರು?

ಸಮಿತಿಗಳಿಗೇನೂ ಕೊರತೆಯಿಲ್ಲ. 1975ರಲ್ಲಿ ನೇಮಕವಾದ ತಲ್ವಾರ್, 1991ರಲ್ಲಿ ಗೋಯ್‌ಪೋರಿಯಾ, 2011ರಲ್ಲಿ ದಾಮೋದರನ್ ಇವರ ಸಮಿತಿಗಳು ಗಿರಾಕಿಯ ಸೇವೆಯನ್ನು ಕುರಿತು ಬರೆದುವು. ಓಂಬಡ್ಸ್‌ಮನ್ ವ್ಯವಸ್ಥೆಯು 1995ರಿಂದಲೇ ಇದೆ. ತಡವಾದ ಹಣಕ್ಕೆ ಅಲ್ಲಿ ದೂರು ಕೊಡಬಹುದು. ತಿರುಗಿಸಿಕೊಂಡ ಮುಖಕ್ಕೆ ಯಾವ ನಮೂನೆಯಲ್ಲಿ ದೂರು ಬರೆಯುವುದು?

ಬ್ಯಾಂಕಿನ ಆಡಳಿತದವರಲ್ಲಿ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಹೊರನಾಡಿನಿಂದ ಬರುವ ಅಧಿಕಾರಿಗೆ, ಶಾಖೆಯ ಹೊಣೆ ಒಪ್ಪಿಸುವ ಮೊದಲು, ಬ್ಯಾಂಕಿನ ಖರ್ಚಿನಲ್ಲಿಯೇ ಮೂರು ತಿಂಗಳು ಕನ್ನಡ ಕಲಿಸತಕ್ಕದ್ದು. ಪ್ರತಿಯೊಂದು ಶಾಖೆಯಲ್ಲಿಯೂ ಮಾರಾಟದ ಗುರಿಯಿಲ್ಲದ ಒಬ್ಬ ನೌಕರರನ್ನು, ವೃದ್ಧರಿಗೂ ಅಕ್ಷರ ಬಾರದವರಿಗೂ ನೆರವಾಗುವುದಕ್ಕೆಂದೇ, ಬಾಗಿಲಿನ ಹತ್ತಿರ ಕೂರಿಸತಕ್ಕದ್ದು. ಅವರ ಎದುರಿಗೆ ಒಂದು ಕುರ್ಚಿಯೂ ಇರಲಿ.