ಕಾಗದದ ಷೇರಿಗೆ ನಗದು ತೆರಿಗೆ

ಹುಬ್ಬಳ್ಳಿ-ಧಾರವಾಡದ ಸ್ಟಾರ್ಟಪ್ ನೌಕರರು ಇಸಾಪ್ (ನಿಗದಿತ ದರಕ್ಕೆ ಕಂಪನಿಯ ಷೇರು ಕೊಳ್ಳುವ) ಹಕ್ಕು ಬಲಿತ ಕೂಡಲೇ ಷೇರು ಕೊಳ್ಳಲಿ, ತೆರಿಗೆಯನ್ನು ಸರ್ಕಾರವೇ ಮುಂದೂಡಿದೆಯಲ್ಲ ಎಂಬ ವಾದ ಓದಿದೆ. ಧೈರ್ಯದ ಸಲಹೆ, ದುಡ್ಡು ಮಾತ್ರ ಬೇರೆಯವರದು.

2020ರ ಬಜೆಟ್ಟಿನ ಆ ಮುಂದೂಡಿಕೆ ಎಲ್ಲರಿಗಲ್ಲ. ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ಮಾನ್ಯತೆ ಸಾಲದು, ಅಂತರ-ಸಚಿವಾಲಯ ಮಂಡಳಿಯ ಪ್ರಮಾಣಪತ್ರವೂ ಬೇಕು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ ಇನ್‌ಕ್ಯುಬೇಟರಿನಲ್ಲಿ ಮೇಜು ಸಿಕ್ಕ ಮಾತ್ರಕ್ಕೆ ಅದು ದಕ್ಕುವುದಿಲ್ಲ. ದಕ್ಕಿದರೂ, ಕೆಲಸ ಬಿಟ್ಟರೆ 14 ದಿನದೊಳಗೆ ತೆರಿಗೆ ಸಂದಾಯವಾಗಬೇಕು.

ಲೆಕ್ಕ ನೋಡಿ. 1,000 ಆಪ್ಷನ್, ಕೊಳ್ಳುವ ದರ 10 ರೂಪಾಯಿ, ಮರ್ಚೆಂಟ್ ಬ್ಯಾಂಕರ್ ಕಟ್ಟಿದ ಬೆಲೆ 510. ವ್ಯತ್ಯಾಸದ 5 ಲಕ್ಷ ಕಾನೂನಿನ ಕಣ್ಣಿಗೆ ಸಂಬಳ. ಶೇ 30ರ ಹಂತದಲ್ಲಿದ್ದರೆ ಸೆಸ್ ಸೇರಿ 1.56 ಲಕ್ಷ ತೆರಿಗೆ. ಆ ಷೇರು ಮಾರಲು ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲಿ ಅಂಗಡಿಯಿಲ್ಲ! ಕಂಪನಿ ಮುಳುಗಿದರೆ ಆಗುವುದು ಬಂಡವಾಳ ನಷ್ಟ. ಅದನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ.

ಬೆಲೆ ಏರುವ ಮುನ್ನ ಕೊಂಡರೆ ಲಾಭ ಎಂಬುದು ಸರಿಯೇ. ಷೇರು ಕೊಂಡು 24 ತಿಂಗಳು ದಾಟಿದ ಮೇಲೆ ಮಾರಿದರೆ ಮುಂದಿನ ಏರಿಕೆಗೆ ಶೇ 12.5ರ ತೆರಿಗೆ ದರ. ಆದರೆ ಕಳೆದುಕೊಂಡರೂ ಮನೆ ನಡೆಯುವಷ್ಟು ಹಣ ಇದ್ದವರಿಗಷ್ಟೇ ಆ ಮಾತು. ಉಳಿದವರು ಮೊದಲು ಕಂಪನಿಯಿಂದ ಆ ಪ್ರಮಾಣಪತ್ರ ಕೇಳಿ ನೋಡಲಿ.